ಲಾರಿ ಹೊರಡುವ ಮೊದಲು ಮುಗಿಯಬೇಕಾದ ಮಾತು

ಐದು ಕೋಟಿ ರೂಪಾಯಿ ವಹಿವಾಟು ಎಂದರೆ ದೊಡ್ಡ ಕಂಪನಿಯೇ ಇರಬೇಕು ಎಂದುಕೊಳ್ಳುವವರು ಒಮ್ಮೆ ಶಿವಮೊಗ್ಗದ ಎಪಿಎಂಸಿ ಪ್ರಾಂಗಣಕ್ಕೆ ಬಂದು ನೋಡಬೇಕು. ರಾಶಿ ಎಂಬ ಬಗೆಯ ಅಡಿಕೆಗೆ ಕ್ವಿಂಟಲ್‌ಗೆ 50,000 ರೂಪಾಯಿ ಎಂದು ಹಿಡಿಯಿರಿ. ಸಾವಿರ ಕ್ವಿಂಟಲ್ ಮಾರಿದರೆ ಐದು ಕೋಟಿ ಆಯಿತು. ನೂರು ಕ್ವಿಂಟಲ್ ಹೊರುವ ಲಾರಿಯಲ್ಲಿ ಹತ್ತು ಲೋಡು. ಒಂದು ಗೋದಾಮು, ಅದರ ಮುಂದೆ ಎರಡು ಕೋಣೆ, ಸಾಹುಕಾರರು, ಅವರ ತಂದೆಯ ಕಾಲದಿಂದ ಇರುವ ಹಿರಿಯ ಗುಮಾಸ್ತರು, ಲೆಕ್ಕ ನೋಡುವ ನಾನು, ಹೊರಗಿನ ಓಡಾಟಕ್ಕೆ ಒಬ್ಬ ಹುಡುಗ. ಇಷ್ಟೇ ಜನರಿರುವ ನಮ್ಮಂಥ ಖರೀದಿ ಅಂಗಡಿಯೂ ವರ್ಷ ತುಂಬುವುದರೊಳಗೆ ಆ ಗೆರೆ ದಾಟಿರುತ್ತದೆ. ಲಾಭದ ಮಾತು ಬೇರೆ. ವಹಿವಾಟಿನ ಅಂಕಿ ನೋಡಿ ಹೆಣ್ಣು ಕೊಡಲು ಬಂದವರು ಲಾಭದ ಅಂಕಿ ನೋಡಿದರೆ ಕಾಫಿ ಕುಡಿಯದೆ ಎದ್ದು ಹೋಗುತ್ತಾರೆ ಎಂದು ನಮ್ಮ ಸಾಹುಕಾರರೇ ಹೇಳುತ್ತಾರೆ.

ಇ-ಇನ್ವಾಯ್ಸ್ ಅಂದರೆ ವ್ಯಾಪಾರಿಗಳ ನಡುವಿನ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಜಿಎಸ್‌ಟಿ ಪದ್ಧತಿ, ದೇಶದಲ್ಲಿ ಜಾರಿಗೆ ಬಂದದ್ದು 2020ರ ಅಕ್ಟೋಬರ್ 1ರಂದು, ವರ್ಷದ ವಹಿವಾಟು 500 ಕೋಟಿ ಮೀರಿದವರಿಗೆ ಮಾತ್ರ. ಆಗ ನಮ್ಮ ಪೇಟೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2021ರ ಜನವರಿಯಲ್ಲಿ ಮಿತಿ 100 ಕೋಟಿಗೆ ಇಳಿಯಿತು, ಏಪ್ರಿಲ್‌ನಲ್ಲಿ 50 ಕೋಟಿಗೆ, 2022ರ ಏಪ್ರಿಲ್‌ನಲ್ಲಿ 20ಕ್ಕೆ, ಅದೇ ಅಕ್ಟೋಬರ್‌ನಲ್ಲಿ 10ಕ್ಕೆ. ಒಂದೊಂದು ಸಲ ಇಳಿದಾಗಲೂ ಪ್ರಾಂಗಣದ ನಾಲ್ಕಾರು ಅಂಗಡಿಗಳು ಅದರೊಳಗೆ ಸೇರುತ್ತಿದ್ದವು, ಉಳಿದವರು ಅವರ ಅಂಗಡಿಗೆ ಹೋಗಿ ಅದೆಂಥ ಬಿಲ್ಲು ಎಂದು ತಿರುಗಿಸಿ ಮುರುಗಿಸಿ ನೋಡಿ ಬರುತ್ತಿದ್ದರು. 2023ರ ಆಗಸ್ಟ್ 1ರಿಂದ 5 ಕೋಟಿ ಎಂದಾಗ ನಮ್ಮ ಸರದಿ ಬಂತು.

ಸಾಹುಕಾರರಿಗೆ ಒಂದು ಆಸೆ ಇತ್ತು. ಹಿಂದಿನ ವರ್ಷ ವ್ಯಾಪಾರ ಮಂಕಾಗಿತ್ತು, ಐದು ಕೋಟಿ ಆಗಿರಲಿಲ್ಲ. "ನಮಗೆ ಇದು ಬರುವುದಿಲ್ಲ ಅಲ್ಲವೇನಮ್ಮಾ?" ಎಂದು ಕೇಳಿದರು. ಆಡಿಟರ್ ಆ ಆಸೆಯನ್ನು ಫೋನಿನಲ್ಲೇ ಮುಗಿಸಿದರು. 2017-18ರಿಂದ ಈಚೆಗೆ ಯಾವುದಾದರೂ ಒಂದು ಹಣಕಾಸು ವರ್ಷದಲ್ಲಿ ಮಿತಿ ದಾಟಿದ್ದರೆ ಸಾಕು, ಆಮೇಲೆ ಎಷ್ಟು ಇಳಿದರೂ ಬಿಡುಗಡೆಯಿಲ್ಲ. ಇನ್ನೊಂದು ಗಂಟೂ ಇತ್ತು. ವಹಿವಾಟನ್ನು ಅಂಗಡಿಯ ಮೇಲೆ ಲೆಕ್ಕ ಹಾಕುವುದಿಲ್ಲ, ಪ್ಯಾನ್ ಸಂಖ್ಯೆಯ ಮೇಲೆ ಹಾಕುತ್ತಾರೆ. ಸಾಹುಕಾರರಿಗೆ ತೀರ್ಥಹಳ್ಳಿಯಲ್ಲಿ ಗೊಬ್ಬರ, ಮೈಲುತುತ್ತ, ಸುಣ್ಣ ಮಾರುವ ಸಣ್ಣ ಅಂಗಡಿಯೊಂದಿದೆ. ಅದೂ ಅದೇ ಪ್ಯಾನ್. ತನ್ನಷ್ಟಕ್ಕೆ ಐದು ಕೋಟಿಯ ಕನಸೂ ಕಾಣದ ಆ ಅಂಗಡಿಯೂ ಅಡಿಕೆಯ ಜೊತೆಗೆ ಇ-ಇನ್ವಾಯ್ಸ್ ಒಳಗೆ ಬಂತು. ಅಲ್ಲಿ ಕೊಳ್ಳುವವರಲ್ಲಿ ಹೆಚ್ಚಿನವರು ತೋಟದವರು, ಅವರಿಗೆ ಜಿಎಸ್‌ಟಿ ಸಂಖ್ಯೆ ಇಲ್ಲ, ಆದ್ದರಿಂದ ಅವರ ಬಿಲ್ಲು ಹಳೆಯ ಬಿಲ್ಲೇ. ಆದರೆ ಮಳೆಗಾಲಕ್ಕೆ ಮೊದಲು ಸಹಕಾರ ಸಂಘದವರು ಬಂದು ಮೈಲುತುತ್ತದ ಚೀಲ ಒಯ್ದರೆ ಆ ಬಿಲ್ಲಿಗೆ ಇ-ಇನ್ವಾಯ್ಸ್ ಬೇಕು. ಒಂದೇ ಗಲ್ಲಾಪೆಟ್ಟಿಗೆಯ ಮುಂದೆ, ಒಂದೇ ಸರಕಿಗೆ, ಎರಡು ಬಗೆಯ ಬಿಲ್ಲು. ಇದನ್ನು ಅಲ್ಲಿ ಕೂರುವ ಹುಡುಗನಿಗೆ ಅರ್ಥ ಮಾಡಿಸಲು ನನಗೆ ಅಡಿಕೆಗಿಂತ ಹೆಚ್ಚು ಸಮಯ ಹಿಡಿಯಿತು.

ಹಿರಿಯ ಗುಮಾಸ್ತರು ಕೇಳಿದ ಮೊದಲ ಪ್ರಶ್ನೆ, "ಹಾಗಾದರೆ ಇನ್ನು ಮೇಲೆ ನಮ್ಮ ಬಿಲ್ಲನ್ನು ಸರ್ಕಾರವೇ ಬರೆಯುತ್ತದೆಯೇ?" ಪೇಟೆಯಲ್ಲಿ ಅನೇಕರು ಹಾಗೇ ತಿಳಿದಿದ್ದರು. ಇನ್ನು ಕೆಲವರು ಬಿಲ್ಲನ್ನು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದೇ ಇ-ಇನ್ವಾಯ್ಸ್ ಎಂದುಕೊಂಡಿದ್ದರು. ಎರಡೂ ಅಲ್ಲ. ಬಿಲ್ಲು ಬರೆಯುವವರು ನಾವೇ, ನಮ್ಮ ಕಂಪ್ಯೂಟರಿನಲ್ಲೇ. ಬರೆದ ಮೇಲೆ ಅದರ ವಿವರಗಳು ಜೇಸನ್ ಎಂಬ ಗೊತ್ತುಪಡಿಸಿದ ರೂಪದಲ್ಲಿ ನೋಂದಣಿ ಪೋರ್ಟಲ್‌ಗೆ ಹೋಗುತ್ತವೆ. ಅಲ್ಲಿ ತಪಾಸಣೆಯಾಗಿ, ಎಲ್ಲ ಸರಿಯಿದ್ದರೆ 64 ಅಕ್ಷರಗಳ ಐಆರ್‌ಎನ್ ಎಂಬ ಗುರುತು ಸಂಖ್ಯೆ ಮತ್ತು ಪೋರ್ಟಲ್‌ನ ಡಿಜಿಟಲ್ ಸಹಿ ಇರುವ ಕ್ಯೂಆರ್ ಕೋಡ್ ಹಿಂದಕ್ಕೆ ಬರುತ್ತವೆ. ಆ ಕೋಡಿನೊಳಗೆ ಮಾರಿದವರ, ಕೊಂಡವರ ಜಿಎಸ್‌ಟಿ ಸಂಖ್ಯೆ, ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ, ಮುಖ್ಯ ಸರಕಿನ ಬಗೆ ತಿಳಿಸುವ ಎಚ್‌ಎಸ್‌ಎನ್ ಸಂಕೇತ ಇರುತ್ತವೆ. ಇವೆರಡೂ ಬಿಲ್ಲಿನ ಮೇಲೆ ಕೂತ ಮೇಲೆಯೇ ಅದು ಬಿಲ್ಲು. ಮಿತಿಯೊಳಗೆ ಬರುವವರು ಬೇರೆ ರೀತಿ ಕೊಟ್ಟ ಬಿಲ್ಲನ್ನು ಬಿಲ್ಲೆಂದೇ ಪರಿಗಣಿಸುವುದಿಲ್ಲ ಎಂದು ಜಿಎಸ್‌ಟಿ ನಿಯಮ 48 ಹೇಳುತ್ತದೆ. ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿ, "ಬರೆಯುವುದು ನಾವು, ಹೌದು ಎನ್ನುವುದು ಅವರು" ಎಂದರು. ಆಡಿಟರ್ ಅರ್ಧ ಗಂಟೆ ವಿವರಿಸಿದ್ದಕ್ಕಿಂತ ಇದು ಚೆನ್ನಾಗಿತ್ತು.

ಅಲ್ಲಿಯವರೆಗೆ ನಮ್ಮಲ್ಲಿ ಮುದ್ರಿಸಿದ ಬಿಲ್ ಪುಸ್ತಕ ನಡೆಯುತ್ತಿತ್ತು. ನಡುವೆ ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ: ಕೊಂಡವರಿಗೆ ಒಂದು, ಲಾರಿಯವರಿಗೆ ಒಂದು, ನಮಗೆ ಒಂದು. ಕಂಪ್ಯೂಟರ್ ಇತ್ತು, ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವೂ ಇತ್ತು, ಆದರೆ ಅದು ಬರೆದಾದ ಬಿಲ್ಲನ್ನು ವಾರಕ್ಕೊಮ್ಮೆ ಏರಿಸಿಕೊಳ್ಳುವ ಯಂತ್ರ. ಸರಕು ಸಾಗಣೆಗೆ ಬೇಕಾದ ಆನ್‌ಲೈನ್ ದಾಖಲೆ, ಇ-ವೇ ಬಿಲ್, ಮಾಡುವುದು ಮಾತ್ರ 2018ರ ಏಪ್ರಿಲ್‌ನಿಂದ ಅಭ್ಯಾಸವಾಗಿತ್ತು. ಅದರಲ್ಲಿ ಕರ್ನಾಟಕದವರಿಗೆ ಹೆದರಿಕೆಯೂ ಇರಲಿಲ್ಲ. ಜಿಎಸ್‌ಟಿಗೆ ಮೊದಲಿನ ವ್ಯಾಟ್ ಕಾಲದಲ್ಲೇ ಅಂಥದ್ದೇ ಇ-ಸುಗಮ ಸಂಖ್ಯೆ ತೆಗೆದು ಲಾರಿ ಬಿಟ್ಟವರು ನಾವು.

ಜುಲೈ ತಿಂಗಳು ಪೂರ್ತಿ ಹೋದದ್ದು ಪಾರ್ಟಿಗಳ, ಅಂದರೆ ನಮ್ಮಿಂದ ಕೊಳ್ಳುವವರ, ಪಟ್ಟಿ ತಿದ್ದುವುದರಲ್ಲಿ. ಹೊಸ ತಂತ್ರಾಂಶ ಕಲಿಯುವುದೇ ಕಷ್ಟ ಎಂದು ಎಲ್ಲರೂ ಹೆದರಿಸಿದ್ದರು. ಅದು ಎರಡು ಮಧ್ಯಾಹ್ನದ ಕೆಲಸ. ನಿಜವಾದ ಕೆಲಸವೆಂದರೆ ಎಷ್ಟೋ ವರ್ಷಗಳಿಂದ ಯಾರೂ ಕಣ್ಣೆತ್ತಿ ನೋಡದ ವಿಳಾಸಗಳು. ಕೈಬರಹದ ಬಿಲ್ಲಿನಲ್ಲಿ ಹೆಸರು, ಊರು, ಜಿಎಸ್‌ಟಿ ಸಂಖ್ಯೆ ಇದ್ದರೆ ಸಾಕಾಗುತ್ತಿತ್ತು, ಪಿನ್ ಕೋಡ್ ಯಾರು ಬರೆಯುತ್ತಿದ್ದರು? ಪೋರ್ಟಲ್ ಪಿನ್ ಕೋಡ್ ಕೇಳುತ್ತದೆ. ಕೇಳಿ ಸುಮ್ಮನಿರುವುದಿಲ್ಲ, ಅದು ಆ ರಾಜ್ಯದ್ದೇ ಹೌದೇ ಎಂದು ನೋಡುತ್ತದೆ. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕೆ ರಾಜ್ಯದ ಗುರುತು, ನಮಗೆ 29, ಉತ್ತರ ಪ್ರದೇಶಕ್ಕೆ 09, ದೆಹಲಿಗೆ 07. ನಮ್ಮ ಪಟ್ಟಿಯಲ್ಲಿ ದೆಹಲಿಯ ಪಾರ್ಟಿ ಎಂದು ಬರೆದುಕೊಂಡಿದ್ದ ಒಬ್ಬರ ಸಂಖ್ಯೆ 09ರಿಂದ ಶುರುವಾಗುತ್ತಿತ್ತು. ವಿಚಾರಿಸಿದರೆ ಕಚೇರಿ ದೆಹಲಿಯಲ್ಲಿ, ಗೋದಾಮು ಮತ್ತು ನೋಂದಣಿ ಗಾಜಿಯಾಬಾದಿನಲ್ಲಿ. ಇಷ್ಟು ವರ್ಷ ನಾವು ದೆಹಲಿ ಎಂದು ಬರೆದ ಬಿಲ್ಲು ಗಾಜಿಯಾಬಾದಿಗೆ ಹೋಗಿ ಇಳಿಯುತ್ತಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ.

ಹೀಗೆ ಒಂದೊಂದು ಪಾರ್ಟಿಗೂ ಫೋನ್ ಮಾಡಬೇಕು. ನನ್ನ ಹಿಂದಿ ಶಾಲೆಯ ಹಿಂದಿ, ಕಾನ್ಪುರದವರ ವೇಗಕ್ಕೆ ನಿಲ್ಲುವುದಿಲ್ಲ. ಗುಮಾಸ್ತರು ಇಲ್ಲಿ ನೆರವಿಗೆ ಬಂದರು. ಅವರ ಹಿಂದಿಗೆ ವ್ಯಾಕರಣ ಇಲ್ಲ, ಆದರೆ ಅಡಿಕೆಗೆ ಸಂಬಂಧಿಸಿದ ಯಾವ ಮಾತಿಗೂ ಅವರು ತಡವರಿಸುವುದಿಲ್ಲ. "ಸೇಠ್‌ಜೀ, ಪಿನ್ ಕೋಡ್ ಬತಾಯಿಯೇ" ಎಂದು ಶುರು ಮಾಡಿದರೆ ಧಾರಣೆ, ಮಳೆ, ಮಗಳ ಮದುವೆ ಎಲ್ಲ ಮುಗಿದು ಕೊನೆಗೆ ಪಿನ್ ಕೋಡ್ ಬರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಹೊರಗೆ ಜುಲೈ ಕೊನೆಯ ಜಡಿಮಳೆ, ಗೋದಾಮಿನ ತಗಡಿನ ಸದ್ದಿಗೆ ಅವರು ಕೂಗಿ ಮಾತಾಡಬೇಕಾಗುತ್ತಿತ್ತು. (ಆಗಸ್ಟ್ ಬಂದದ್ದೇ ಮಳೆ ಕೈಕೊಟ್ಟಿತು. ಆ ವರ್ಷ ಮಲೆನಾಡೂ ಬರದ ಪಟ್ಟಿಯ ಮಾತಾಡುವಂತಾಯಿತು.)

ಈ ತಿದ್ದುಪಡಿಯಲ್ಲೇ ಒಂದು ಪಾರ್ಟಿಯ ಜಿಎಸ್‌ಟಿ ನೋಂದಣಿ ರದ್ದಾಗಿರುವುದು ಗೊತ್ತಾಯಿತು. ಅವರಿಗೆ ಹಿಂದೆ ಸರಕು ಕಳಿಸಿದ್ದೆವು, ಹಣವೂ ಬಂದಿತ್ತು, ಹಾಗಾಗಿ ಯಾರೂ ಪರೀಕ್ಷಿಸಿರಲಿಲ್ಲ. ಚಾಲ್ತಿಯಲ್ಲಿಲ್ಲದ ಸಂಖ್ಯೆಗೆ ಬಿಲ್ಲು ಮಾಡಲು ಹೊರಟರೆ ಪೋರ್ಟಲ್ ಬಾಗಿಲಲ್ಲೇ ತಡೆಯುತ್ತದೆ. ಸಾಹುಕಾರರು ಮೊದಲ ಬಾರಿಗೆ ಈ ವ್ಯವಸ್ಥೆಯ ಬಗ್ಗೆ ಒಳ್ಳೆಯ ಮಾತಾಡಿದ್ದು ಆಗಲೇ.

ಬಿಲ್ಲಿನ ಸಂಖ್ಯೆಯಲ್ಲೂ ನಿಯಮವಿದೆ. ಹದಿನಾರು ಅಕ್ಷರ ಮೀರಬಾರದು, ಅಂಕಿ ಅಕ್ಷರಗಳ ಜೊತೆ ಓರೆಗೆರೆ ಮತ್ತು ಅಡ್ಡಗೆರೆ ಮಾತ್ರ ಇರಬಹುದು, ಸೊನ್ನೆಯಿಂದ ಶುರುವಾಗಬಾರದು. ನಮ್ಮ ಪುಸ್ತಕದಲ್ಲಿ ಸಂಖ್ಯೆಗಳು 001 ಎಂದೇ ಮುದ್ರಣವಾಗಿ ಬರುತ್ತಿದ್ದವು. ಅದನ್ನು ಬಿಟ್ಟು ಅಂಗಡಿಯ ಎರಡಕ್ಷರ, ವರ್ಷ, ಆಮೇಲೆ ಕ್ರಮಸಂಖ್ಯೆ ಎಂದು ಮಾಡಿಕೊಂಡೆವು. ತೀರ್ಥಹಳ್ಳಿಯ ಅಂಗಡಿಗೆ ಬೇರೆ ಎರಡಕ್ಷರ. ಇದು ಮುಖ್ಯ. ಎರಡೂ ಅಂಗಡಿ ಒಂದೇ ರಾಜ್ಯದ ಒಂದೇ ಜಿಎಸ್‌ಟಿ ಸಂಖ್ಯೆಯಲ್ಲಿವೆ. ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ದಾಖಲೆಯ ಸಂಖ್ಯೆ, ಈ ನಾಲ್ಕರಿಂದ ಐಆರ್‌ಎನ್ ಹುಟ್ಟುತ್ತದೆ. ನಾಲ್ಕೂ ಒಂದೇ ಆದರೆ ಐಆರ್‌ಎನ್ ಒಂದೇ ಆಗುತ್ತದೆ, ಪೋರ್ಟಲ್ ಎರಡನೆಯದನ್ನು ನಕಲು ಎಂದು ತಿರಸ್ಕರಿಸುತ್ತದೆ. 2150 ಎಂಬ ದೋಷಸಂಖ್ಯೆ ಈಗ ಪ್ರಾಂಗಣದ ಲೆಕ್ಕದವರಿಗೆಲ್ಲ ಬಾಯಿಪಾಠ.

ಆಗಸ್ಟ್ 1 ಮಂಗಳವಾರ. ಮೊದಲ ಬಿಲ್ಲಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಗುಂಡಿ ಒತ್ತಿದೆ, ಬಂತು. ದೇವರ ಪಟಕ್ಕೆ ಹೂವು ಹಾಕಿಸಿ ಕಾದಿದ್ದ ಸಾಹುಕಾರರಿಗೆ ಸ್ವಲ್ಪ ನಿರಾಸೆಯೇ ಆಯಿತು.

ನಿಜವಾದ ಬದಲಾವಣೆ ಆಮೇಲಿನ ವಾರಗಳಲ್ಲಿ ಕಾಣಿಸಿತು, ಅದೂ ಕಂಪ್ಯೂಟರಿನಲ್ಲಲ್ಲ, ಗೋದಾಮಿನಲ್ಲಿ. ಅದನ್ನು ಹೇಳಬೇಕಾದರೆ ಮೊದಲು ಹೇಗಿತ್ತು ಎಂದು ಹೇಳಬೇಕು. ಅಡಿಕೆಯ ವ್ಯಾಪಾರದಲ್ಲಿ ಮಾತು ಒಂದೇ ಸಲ ಮುಗಿಯುವುದಿಲ್ಲ. ರೈತರ ಅಡಿಕೆ ಮಾರಿಸಿಕೊಡುವ ಮಂಡಿಯಲ್ಲಿ ಲಾಟು ನೋಡಿ ಟೆಂಡರ್ ಹಾಕಿ ಕೊಳ್ಳುತ್ತೇವೆ. ಗೋದಾಮಿಗೆ ತಂದು ಒಣಗಿಸಿ, ಆರಿಸಿ, ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ ಮಾಡುತ್ತೇವೆ. ಉತ್ತರದ ಪಾರ್ಟಿ ಫೋನಿನಲ್ಲಿ ಧಾರಣೆ ಒಪ್ಪುತ್ತದೆ. ಸಂಜೆ ಹಮಾಲರು ತುಂಬುತ್ತಾರೆ, ರಾತ್ರಿ ಲಾರಿ ಹೊರಡುತ್ತದೆ. ಆದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಲಾರಿ ತಲುಪಿದ ಮೇಲೆ "ಈ ಸಲ ಮಾಲು ಸ್ವಲ್ಪ ಹಸಿ, ಕ್ವಿಂಟಲ್‌ಗೆ ಇಷ್ಟು ಕಡಿಮೆ ಮಾಡಿ" ಎಂದು ಫೋನ್ ಬರುತ್ತದೆ. ಎಳೆದಾಟ ನಡೆಯುತ್ತದೆ. ಕೊನೆಗೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಇ-ವೇ ಬಿಲ್ಲಿನಲ್ಲಿರುವ ಮೊತ್ತ, ಬಿಲ್ಲಿನ ಮೊತ್ತ ಒಂದೇ ಇರಬೇಕೆಂಬುದು ನಿಯಮ. ಆದರೆ ಬಿಲ್ ಪುಸ್ತಕ ಅಂಗಡಿಯಲ್ಲೇ ಇರುತ್ತಿತ್ತು, ತಿಂಗಳು ಮುಗಿದು ಮುಂದಿನ ತಿಂಗಳ 11ರಂದು ಮಾರಾಟದ ಲೆಕ್ಕಪತ್ರವಾದ ಜಿಎಸ್‌ಟಿಆರ್-1 ಸಲ್ಲಿಸುವವರೆಗೆ ಇಲಾಖೆಗೆ ಅದರ ಸುದ್ದಿಯಿಲ್ಲ. ಪೇಟೆಯಲ್ಲಿ ಆ ನಡುವಿನ ದಿನಗಳು ಬಹಳ ಉಪಯೋಗಕ್ಕೆ ಬರುತ್ತಿದ್ದವು. ಹಾಳೆ ಹರಿದು ಅದೇ ಸಂಖ್ಯೆಗೆ ಹೊಸ ಬಿಲ್ಲು ಬರೆಯುವುದು ಯಾರಿಗೂ ದೊಡ್ಡ ಅಪರಾಧವಾಗಿ ಕಾಣುತ್ತಿರಲಿಲ್ಲ. ಯಾರಿಗೂ ಮೋಸ ಆಗುತ್ತಿರಲಿಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು, ಬಹುಮಟ್ಟಿಗೆ ಅದು ನಿಜವೂ ಹೌದು.

ಈಗ ಆ ನಡುವಿನ ದಿನಗಳು ಇಲ್ಲ. ಬಿಲ್ಲು ನೋಂದಣಿಯಾದ ಮೇಲೆ ಅದರ ವಿವರ ನಮ್ಮ ಜಿಎಸ್‌ಟಿಆರ್-1ಕ್ಕೆ ತಾನಾಗಿ ಹೋಗಿ ಕೂರುತ್ತದೆ, ಅಲ್ಲಿಂದ ಕೊಂಡವರ ಲೆಕ್ಕಕ್ಕೂ ಹೋಗುತ್ತದೆ. ಪೋರ್ಟಲ್‌ನಲ್ಲಿ ಬಿಲ್ಲನ್ನು ತಿದ್ದಲು ಬರುವುದಿಲ್ಲ. 24 ಗಂಟೆಯೊಳಗೆ ಪೂರ್ತಿ ರದ್ದು ಮಾಡಬಹುದು, ಭಾಗಶಃ ಆಗದು. ರದ್ದು ಮಾಡಿದರೂ ಆ ಸಂಖ್ಯೆಯನ್ನು ಆ ವರ್ಷ ಮತ್ತೆ ಬಳಸುವಂತಿಲ್ಲ. ಚಾಲ್ತಿಯಲ್ಲಿರುವ ಇ-ವೇ ಬಿಲ್ ಅದಕ್ಕೆ ಅಂಟಿಕೊಂಡಿದ್ದರೆ ಮೊದಲು ಅದನ್ನು ರದ್ದು ಮಾಡಬೇಕು, ಲಾರಿ ಆಗಲೇ ಹರಿಹರ ದಾಟಿ ಹೋಗಿರುವಾಗ ಅದನ್ನು ಹೇಗೆ ಮಾಡುವುದು? ಲಾರಿ ಉತ್ತರ ತಲುಪಲು ಬೇಕಾದಷ್ಟು ದಿನಗಳಲ್ಲಿ 24 ಗಂಟೆ ಎಂದೋ ಮುಗಿದಿರುತ್ತದೆ. ಹಾಗಾಗಿ ಧಾರಣೆಯ ಎಳೆದಾಟ ಬಂದರೆ ಉಳಿಯುವ ದಾರಿ ಕ್ರೆಡಿಟ್ ನೋಟ್, ಅಂದರೆ ಇಳಿಸಿದ ಮೊತ್ತಕ್ಕೆ ನಾವು ಬರೆದುಕೊಡುವ ಚೀಟಿ. ಅದಕ್ಕೂ ಬೇರೆ ಸಂಖ್ಯೆ, ಬೇರೆ ಐಆರ್‌ಎನ್, ಬೇರೆ ಕ್ಯೂಆರ್ ಕೋಡ್.

ಮೊದಲ ಕ್ರೆಡಿಟ್ ನೋಟ್ ಬರೆಯಬೇಕಾದಾಗ ಸಾಹುಕಾರರಿಗೆ ಸಿಟ್ಟು ಬಂತು. ಪಾರ್ಟಿ ಕ್ವಿಂಟಲ್‌ಗೆ 300 ರೂಪಾಯಿ ಇಳಿಸಿ ಎಂದಿತ್ತು. ನೂರು ಕ್ವಿಂಟಲ್‌ಗೆ 30,000, ಅದರ ಮೇಲಿನ ಶೇಕಡಾ 5 ತೆರಿಗೆ 1,500. ಹಣಕ್ಕಿಂತ ಅವರಿಗೆ ಚುಚ್ಚಿದ್ದು ಬೇರೆ: "ನಮ್ಮ ಮಾಲಿನಲ್ಲಿ ದೋಷ ಇತ್ತು ಎಂದು ನಾವೇ ಸಹಿ ಹಾಕಿ ಕೊಟ್ಟ ಹಾಗೆ ಆಯಿತಲ್ಲ." ಹಳೆಯ ಪದ್ಧತಿಯಲ್ಲಿ ಇಳಿಸಿದ ಧಾರಣೆಗೆ ಗುರುತೇ ಉಳಿಯುತ್ತಿರಲಿಲ್ಲ, ಬಿಲ್ಲಿನಲ್ಲಿ ಮೊದಲಿನಿಂದ ಅದೇ ಧಾರಣೆ ಇದ್ದಂತೆ ಕಾಣುತ್ತಿತ್ತು. ಈಗ ವರ್ಷದ ಕೊನೆಗೆ ಯಾವ ಪಾರ್ಟಿ ಎಷ್ಟು ಸಲ ಇಳಿಸಿತು ಎಂಬುದು ಒಂದು ಪಟ್ಟಿಯಾಗಿ ಎದುರಿಗೆ ಬರುತ್ತದೆ. ಆ ಪಟ್ಟಿ ನೋಡಿದ ಮೇಲೆ ಸಾಹುಕಾರರು ಒಬ್ಬ ಪಾರ್ಟಿಯ ಜೊತೆಗಿನ ವ್ಯಾಪಾರವನ್ನೇ ನಿಲ್ಲಿಸಿದರು. ಪ್ರತಿ ಲೋಡಿಗೂ "ಸ್ವಲ್ಪ ಹಸಿ" ಎನ್ನುತ್ತಿದ್ದವರು ಅವರು. ಬೇರೆ ಬೇರೆಯಾಗಿ ನೋಡಿದಾಗ ಪ್ರತಿ ಸಲವೂ ಅದು ನ್ಯಾಯವಾಗಿಯೇ ಕಂಡಿತ್ತು.

ಹೀಗಾಗಿ ಮಾತುಗಳೆಲ್ಲ ಲಾರಿ ಹೊರಡುವ ಮೊದಲಿನ ಹೊತ್ತಿಗೆ ಸರಿದವು. ಈಗ ಮಾದರಿ ಅಡಿಕೆ ಮೊದಲೇ ಕೊರಿಯರ್‌ನಲ್ಲಿ ಹೋಗುತ್ತದೆ. ಧಾರಣೆ, ತೇವದ ಕಡಿತ, ಚೀಲದ ತೂಕ ಎಲ್ಲವನ್ನೂ ಪಾರ್ಟಿ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಒಪ್ಪಬೇಕು. ಒಪ್ಪಿದ ಮೇಲೆ ತುಂಬುವುದು, ವೇಬ್ರಿಡ್ಜ್‌ನಲ್ಲಿ ತೂಕ, ತೂಕದ ಚೀಟಿ ನನ್ನ ಮೇಜಿಗೆ ಬಂದ ಮೇಲೆ ಬಿಲ್ಲು. ಅದೇ ವಿವರದಿಂದ ಇ-ವೇ ಬಿಲ್ಲೂ ಜೊತೆಯಲ್ಲೇ ಬರುತ್ತದೆ, ಎರಡು ಕಡೆ ಬೆರಳಚ್ಚು ಮಾಡುವ ಕೆಲಸ ತಪ್ಪಿತು. ಇಬ್ಬರ ಪಿನ್ ಕೋಡ್ ಹಿಡಿದು ದೂರವನ್ನೂ ಅದೇ ಲೆಕ್ಕ ಹಾಕುತ್ತದೆ. ಇನ್ನೂರು ಕಿಲೋಮೀಟರಿಗೆ ಒಂದು ದಿನದಂತೆ ಅವಧಿ, ಎರಡು ಸಾವಿರ ಕಿಲೋಮೀಟರ್ ಎಂದರೆ ಹತ್ತು ದಿನ.

ಹಮಾಲರಿಗೆ ಇದು ಹಿಡಿಸಲಿಲ್ಲ. ಮೊದಲು ತುಂಬಿದ ಕೂಡಲೇ ಅವರ ಕೆಲಸ ಮುಗಿಯುತ್ತಿತ್ತು. ಈಗ ತೂಕ ಹೊಂದದೆ ಎರಡು ಚೀಲ ಇಳಿಸಬೇಕಾದರೆ ಎಂದು ಬಿಲ್ಲು ಬರುವವರೆಗೆ ಅವರನ್ನು ನಿಲ್ಲಿಸಿಕೊಳ್ಳುತ್ತೇವೆ. ಚಾಲಕರ ಗೊಣಗಾಟವೂ ಇತ್ತು. ಆದರೆ ಯಾರ ಗೊಣಗಾಟಕ್ಕೂ ಬಿಲ್ಲು ಬೇಗ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಲಾರಿಯನ್ನೇ ಒಂದು ಗಂಟೆ ಮೊದಲು ಹಚ್ಚುವ ರೂಢಿ ಬಂತು. ಕಾಯುವ ಹೊತ್ತಿಗೆ ಹಮಾಲರಿಗೆ ಚಹಾ ಮಾತ್ರ ಸಾಲದು, ಕೂಲಿಯಲ್ಲಿಯೂ ಸ್ವಲ್ಪ ಸೇರಬೇಕು ಎಂಬುದು ನನ್ನ ಅಭಿಪ್ರಾಯ. ಸಾಹುಕಾರರು ಇನ್ನೂ ಒಪ್ಪಿಲ್ಲ.

ಕಾಗದ ಹೋಯಿತೇ ಎಂದರೆ ಎಲ್ಲಿ ಹೋಯಿತು! ನಿಯಮದಲ್ಲಿ ಇ-ಇನ್ವಾಯ್ಸ್‌ಗೆ ಮೂರು ಪ್ರತಿ ಬೇಡ. ಲಾರಿಯಲ್ಲಿ ಕಾಗದದ ಬಿಲ್ಲೇ ಇರಬೇಕೆಂದೂ ಇಲ್ಲ, ಐಆರ್‌ಎನ್ ಇರುವ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ತೋರಿಸಿದರೆ ಸಾಕು. ಇದನ್ನು ನಾನು ಒಬ್ಬ ಚಾಲಕರಿಗೆ ಹೇಳಿದೆ. ಅವರು ನನ್ನ ಮುಖ ನೋಡಿ, "ಅಕ್ಕ, ರಾತ್ರಿ ಎರಡು ಗಂಟೆಗೆ ಮಧ್ಯಪ್ರದೇಶದಲ್ಲಿ ಗಾಡಿ ನಿಲ್ಲಿಸಿದವರಿಗೆ ಮೊಬೈಲ್ ಕೊಟ್ಟರೆ ಮೊಬೈಲೂ ವಾಪಸ್ ಬರುವುದಿಲ್ಲ" ಎಂದರು. ಅಂದಿನಿಂದ ಎರಡು ಮುದ್ರಿತ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತೇನೆ.

ಮುದ್ರಣದಲ್ಲೇ ಒಂದು ಖರ್ಚು ಬಂತು. ನಮ್ಮಲ್ಲಿ ಇದ್ದದ್ದು ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅಕ್ಷರಕ್ಕೆ ಅದು ಗಟ್ಟಿಗ, ಆದರೆ ಕ್ಯೂಆರ್ ಕೋಡ್ ಮುದ್ರಿಸಿದರೆ ರಂಗೋಲಿಯ ಮೇಲೆ ಕೋಳಿ ಓಡಾಡಿದ ಹಾಗೆ ಬರುತ್ತಿತ್ತು. ಯಾವ ಮೊಬೈಲೂ ಅದನ್ನು ಓದಲಿಲ್ಲ. ಲೇಸರ್ ಪ್ರಿಂಟರ್ ತಂದೆವು. ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ: ತಂತ್ರಾಂಶದ ಬೆಲೆ ಕೇಳುವ ಮೊದಲು ಪ್ರಿಂಟರ್ ನೋಡಿಕೊಳ್ಳಿ. ಆಮೇಲೆ ರಬ್ಬರ್ ಮುದ್ರೆಯ ತಕರಾರು. ಇಲೆಕ್ಟ್ರಾನಿಕ್ ಬಿಲ್ಲಿಗೆ ಮಾರಾಟಗಾರರ ಸಹಿ ಕಡ್ಡಾಯವಲ್ಲ. ಆದರೂ ಕೊಂಡವರಲ್ಲಿ ಒಬ್ಬರ ಕಚೇರಿ "ಮುದ್ರೆ ಇಲ್ಲ" ಎಂದು ಬಿಲ್ಲು ವಾಪಸ್ ಕಳಿಸಿತು. ನಿಯಮದ ಪ್ರತಿ ಕಳಿಸಿದೆ, ಕೇಳಲಿಲ್ಲ. ಗುಮಾಸ್ತರು ಮುದ್ರೆ ಒತ್ತಿ, ಅದರ ಮೇಲೆ ಉದ್ದಕ್ಕೆ ಸಹಿ ಹಾಕಿ ಕಳಿಸಿದರು, ಹಣ ಬಂತು.

ನಾವು ಕೊಳ್ಳುವ ಕಡೆಯಲ್ಲೂ ಕಣ್ಣಿಡಬೇಕು ಎಂಬುದು ಕೆಲವರಿಗೆ ಇನ್ನೂ ಹೊಳೆದಿಲ್ಲ. ಮಂಡಿಯವರು ನಮಗೆ ಕೊಡುವ ಬಿಲ್ಲಿನಲ್ಲಿ ಶೇಕಡಾ 5 ತೆರಿಗೆ ಇರುತ್ತದೆ, ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. 50 ಲಕ್ಷದ ಅಡಿಕೆಗೆ ಎರಡೂವರೆ ಲಕ್ಷ. ಉತ್ತರಕ್ಕೆ ಮಾರುವಾಗ ಕಟ್ಟಬೇಕಾದ ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿಯಲ್ಲಿ ಇದನ್ನು ವಜಾ ಮಾಡಿಕೊಳ್ಳುವುದರಿಂದ ನಮ್ಮ ಬದುಕು ನಡೆಯುತ್ತದೆ, ನಮ್ಮ ಲಾಭವೇ ಅಷ್ಟು ಇರುವುದಿಲ್ಲ. ಮಿತಿಯೊಳಗೆ ಬರುವ ಮಂಡಿ ಐಆರ್‌ಎನ್ ಇಲ್ಲದ ಬಿಲ್ಲು ಕೊಟ್ಟರೆ ಹೀಗೆ ವಜಾ ಮಾಡಿಕೊಳ್ಳುವ ಆ ಕ್ರೆಡಿಟ್ಟಿಗೇ ಕುತ್ತು. ಒಂದು ಸಂಖ್ಯೆಗೆ ಇ-ಇನ್ವಾಯ್ಸ್ ಅನ್ವಯವಾಗಿದೆಯೇ ಎಂದು ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನಾನು ನಾವು ಕೊಳ್ಳುವ ಎಲ್ಲ ಮಂಡಿಗಳನ್ನೂ ನೋಡಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಒಬ್ಬ ಮಂಡಿಯವರಿಗೆ ಬೇಸರವಾಯಿತು. "ಇಷ್ಟು ವರ್ಷದ ನಂಬಿಕೆ, ಈಗ ನನ್ನನ್ನು ಪರೀಕ್ಷೆ ಮಾಡುತ್ತೀಯಾ ಮಾರಾಯ್ತಿ?" ಎಂದರು. ಪರೀಕ್ಷೆ ನಿಮ್ಮದಲ್ಲ, ಬಿಲ್ಲಿನದು ಎಂದು ಸಮಾಧಾನ ಹೇಳಿದೆ. ಅವರಿಗೆ ಅದು ಪೂರ್ತಿ ಒಪ್ಪಿಗೆಯಾಯಿತೆಂದು ನನಗೆ ಅನಿಸುವುದಿಲ್ಲ.

ಬೆಳೆಗಾರರ ಕಡೆ ಮಾತ್ರ ಏನೂ ಬದಲಾಗಿಲ್ಲ. ನಮ್ಮ ಮನೆ ರಿಪ್ಪನ್‌ಪೇಟೆಯ ಕಡೆ, ಅಪ್ಪನಿಗೆ ಸ್ವಲ್ಪ ತೋಟವಿದೆ. ಸ್ವಂತ ಬೆಳೆ ಮಾರುವ ರೈತರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ಮಂಡಿಯಲ್ಲಿ ಅವರ ಕೈಗೆ ಬರುವುದು ಹಿಂದಿನ ಹಾಗೇ ತೂಕ, ಧಾರಣೆ, ಕಳೆಯುವ ಖರ್ಚು ಬರೆದ ಪಟ್ಟಿ. ಅಪ್ಪ ಆ ಪಟ್ಟಿಗಳನ್ನು ತಂತಿಗೆ ಚುಚ್ಚಿ ನೇತುಹಾಕುತ್ತಾರೆ. ನಮ್ಮ ಬಿಲ್ಲಿನ ಮೇಲಿನ ಚೌಕವನ್ನು ಮೊದಲ ಸಲ ನೋಡಿ, "ಇದರಲ್ಲಿ ನನ್ನ ಅಡಿಕೆಯ ಧಾರಣೆ ಕಾಣುತ್ತದೆಯೇ?" ಎಂದು ಕೇಳಿದರು. ನಾವು ಮಾರಿದ ಮೊತ್ತ ಕಾಣುತ್ತದೆ, ನೀವು ಮಾರಿದ ಧಾರಣೆ ಕಾಣುವುದಿಲ್ಲ ಎಂದೆ. ಅವರು ನಕ್ಕರು. ಅವರ ಅಡಿಕೆ ಯಾವ ಲಾಟಿಗೆ ಸೇರಿ, ಯಾರ ಗೋದಾಮಿನಲ್ಲಿ ಆರಿಸಲ್ಪಟ್ಟು, ಯಾವ ಬಿಲ್ಲಿನಲ್ಲಿ ಉತ್ತರಕ್ಕೆ ಹೋಯಿತು ಎಂಬುದನ್ನು ಆ 64 ಅಕ್ಷರವೂ ಹೇಳುವುದಿಲ್ಲ. ಇಷ್ಟೆಲ್ಲ ಗುರುತು ಹಾಕುವ ವ್ಯವಸ್ಥೆ ಸರಕು ಹುಟ್ಟಿದ ಜಾಗಕ್ಕೆ ಬಂದು ನಿಂತುಬಿಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ವಿದ್ಯುತ್ ಮತ್ತು ನೆಟ್‌ವರ್ಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಶಿವಮೊಗ್ಗದಲ್ಲಿ ಅದು ಅಷ್ಟು ದೊಡ್ಡ ತೊಂದರೆಯಲ್ಲ, ಯುಪಿಎಸ್ ಇದೆ, ಬ್ರಾಡ್‌ಬ್ಯಾಂಡ್ ಹೋದರೆ ಮೊಬೈಲಿನ ಡೇಟಾ ಇದೆ. ತೀರ್ಥಹಳ್ಳಿಯ ಅಂಗಡಿಯಲ್ಲಿ ಮಳೆಗಾಲದಲ್ಲಿ ಎರಡೂ ಒಟ್ಟಿಗೆ ಹೋಗುತ್ತವೆ. ಆಗ ಹುಡುಗ ಬಿಲ್ಲಿನ ವಿವರವನ್ನು ಫೋನಿನಲ್ಲಿ ನನಗೆ ಹೇಳುತ್ತಾನೆ, ನಾನು ಇಲ್ಲಿ ಮಾಡಿ ಅಲ್ಲಿಗೆ ಕಳಿಸುತ್ತೇನೆ. ಸಹಕಾರ ಸಂಘದ ಪಿಕಪ್ ಗಾಡಿ ಅಲ್ಲಿಯವರೆಗೆ ನಿಂತಿರುತ್ತದೆ.

ಹೆಚ್ಚು ಕಾಡಿದ್ದು ಓಟಿಪಿ. 2025ರ ಫೆಬ್ರವರಿ 1ರಿಂದ 5 ಕೋಟಿ ಮೀರಿದವರಿಗೂ ಪೋರ್ಟಲ್ ಪ್ರವೇಶಕ್ಕೆ ಗುಪ್ತಪದದ ಜೊತೆ ಓಟಿಪಿ ಕಡ್ಡಾಯವಾಯಿತು. ಓಟಿಪಿ ಹೋಗುವುದು ನೋಂದಣಿಯಲ್ಲಿರುವ ಮೊಬೈಲಿಗೆ, ಅದು ಸಾಹುಕಾರರದು. ಫೆಬ್ರವರಿಯಲ್ಲಿ ಅವರು ವಾರದ ಅರ್ಧದಷ್ಟು ದಿನಗಳು ಹೊಸನಗರದ ಆಚೆಯ ತೋಟದಲ್ಲಿ ಇರುತ್ತಾರೆ. ಅಲ್ಲಿ ಮನೆಯ ಹಿಂದಿನ ದಿಬ್ಬ ಹತ್ತಿದರೆ ಮಾತ್ರ ಸಿಗ್ನಲ್. ಲಾರಿ ತುಂಬಿ ನಿಂತಿರುವಾಗ ನಾನು ಮನೆಯ ಸ್ಥಿರ ದೂರವಾಣಿಗೆ ಕರೆ ಮಾಡಿ, ಅವರ ಮನೆಯವರು ಕೂಗಿ ಕರೆದು, ಅವರು ದಿಬ್ಬ ಹತ್ತಿ, ಓಟಿಪಿ ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಪೋರ್ಟಲ್‌ನಲ್ಲಿ ಉಪಬಳಕೆದಾರರನ್ನು ಸೇರಿಸಬಹುದು, ಅವರವರ ಮೊಬೈಲಿಗೇ ಓಟಿಪಿ ಬರುತ್ತದೆ ಎಂದು ಆಡಿಟರ್ ಮೊದಲೇ ಹೇಳಿದ್ದರು. ಕೀಲಿಕೈ ಇನ್ನೊಬ್ಬರಿಗೆ ಕೊಡಲು ಸಾಹುಕಾರರಿಗೆ ಮನಸ್ಸಿರಲಿಲ್ಲ. ದಿಬ್ಬ ಹತ್ತಿ ಹತ್ತಿ ಮಂಡಿ ನೋವು ಬಂದ ಮೇಲೆ ಮನಸ್ಸಾಯಿತು.

ಈಗ ಬಿಲ್ಲಿಗೆ ನನ್ನ ಹೆಸರಿನಲ್ಲಿ ಒಂದು ಪ್ರವೇಶ, ತೀರ್ಥಹಳ್ಳಿಯ ಹುಡುಗನಿಗೆ ಒಂದು. ರದ್ದು ಮಾಡುವ ಅಧಿಕಾರ ಮಾತ್ರ ಸಾಹುಕಾರರದ್ದೇ. ಅದಕ್ಕಾಗಿ ಈಗಲೂ ಅವರು ದಿಬ್ಬ ಹತ್ತಬೇಕು, ಆದ್ದರಿಂದ ಗುಂಡಿ ಒತ್ತುವ ಮೊದಲು ಗುಮಾಸ್ತರು ಕನ್ನಡಕ ಏರಿಸಿಕೊಂಡು ಬಂದು ತೂಕದ ಚೀಟಿಯ ಒಂದೊಂದು ಅಂಕಿಯನ್ನೂ ಪರದೆಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾರೆ.